ರಾತ್ರಿ ಎಷ್ಟು ಸಲ ಏಳ್ತೀರಿ?

ಚಿಕ್ಕಪ್ಪನ ಊರು ಪಾಂಡವಪುರದ ಹತ್ತಿರ. ಕಬ್ಬು, ಸ್ವಲ್ಪ ಭತ್ತ, ಎರಡು ಹಸು. ವಯಸ್ಸು 64. ಒಂದು ದಿನ ಮೈಸೂರಿಗೆ ನಮ್ಮ ಮನೆಗೆ ಹೊರಟವರು ಎರಡು ಗಂಟೆ ತಡವಾಗಿ ಬಂದರು. ಯಾಕೆ ಅಂದರೆ ಬಸ್ಸು ಸಿಗಲಿಲ್ಲ ಅಂದರು. ಆಮೇಲೆ ಚಿಕ್ಕಮ್ಮ ಫೋನಿನಲ್ಲಿ ನಿಜ ಹೇಳಿದರು. ಮೂತ್ರ ತಡೆಯೋಕಾಗದೆ ಶ್ರೀರಂಗಪಟ್ಟಣದಲ್ಲಿ ಬಸ್ಸಿಂದ ಇಳಿದುಬಿಟ್ಟಿದ್ದರಂತೆ. ಇಳಿದು ನಿಂತರೆ ಬರೋದು ನಾಲ್ಕು ಹನಿ. ಎರಡು ವರ್ಷದಿಂದ ಹೀಗೇ ಅಂತೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಪಕ್ಕದ ಮನೆಯವರು ಹೇಳಿದ ನೆಗ್ಗಿಲು ಮುಳ್ಳಿನ ಕಷಾಯ ಕುಡಿದುಕೊಂಡು ಸುಮ್ನೆ ಇದ್ದರು.

ಮರುವಾರ ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಟೋಕನ್ ಜೊತೆ ಒಂದು ಹಾಳೆ ಕೈಗಿಟ್ಟರು. ಏಳು ಪ್ರಶ್ನೆ, ಕೊನೆಗೆ ಇನ್ನೊಂದು. ಪೂರ್ತಿ ಇಂಗ್ಲಿಷ್. ತುಂಬಿಸಿಕೊಡಿ ಅಂದರು ಅಷ್ಟೇ. ಚಿಕ್ಕಪ್ಪನಿಗೆ ಇಂಗ್ಲಿಷ್ ಬರಲ್ಲ, ಕನ್ನಡ ಓದೋಕೆ ಕನ್ನಡಕ ತಂದಿಲ್ಲ. ಹಾಗಾಗಿ ಜನ ತುಂಬಿದ ಕಾರಿಡಾರಿನಲ್ಲಿ ಕೂತು ನಾನೇ ಒಂದೊಂದಾಗಿ ಕನ್ನಡಕ್ಕೆ ತಿರುಗಿಸಿ ಕೇಳಬೇಕಾಯಿತು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಯಜಮಾನರು ನಾಚಿಕೆಯಿಲ್ಲದೆ ಕಿವಿಗೊಟ್ಟು ಕೇಳುತ್ತಿದ್ದರು. ಅವರ ಕೈಯಲ್ಲೂ ಅದೇ ಹಾಳೆ ಇತ್ತು ಅನ್ನಿ.

ಆ ಹಾಳೆಯ ಹೆಸರು ಐಪಿಎಸ್‌ಎಸ್, ಅಂದರೆ ಪ್ರಾಸ್ಟೇಟ್ ತೊಂದರೆಗೆ ಅಂಕ ಹಾಕೋ ಹಾಳೆ. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರೋ ಗ್ರಂಥಿ. ಜಗತ್ತಿನಲ್ಲಿ ಪ್ರಾಸ್ಟೇಟ್ ದೊಡ್ಡದಾಗೋ ತೊಂದರೆಗೆ ಯಾವ ಮಾತ್ರೆ ಕೆಲಸ ಮಾಡುತ್ತೆ, ಯಾವುದು ಮಾಡಲ್ಲ ಅಂತ ತೀರ್ಮಾನ ಆಗೋದು ಹೆಚ್ಚಾಗಿ ಇದರ ಮೇಲೆಯೇ. ಹೋದ ಒಂದು ತಿಂಗಳಲ್ಲಿ ಪೂರ್ತಿ ಖಾಲಿಯಾಗಲಿಲ್ಲ ಅನ್ನಿಸಿತಾ, ಎರಡು ಗಂಟೆ ಒಳಗೆ ಮತ್ತೆ ಹೋಗಬೇಕಾಯಿತಾ, ನಿಂತು ನಿಂತು ಬಂತಾ, ತಡೆಯೋಕೆ ಕಷ್ಟ ಆಯಿತಾ, ಧಾರೆ ಸಣ್ಣ ಆಗಿದೆಯಾ, ತಿಣುಕಬೇಕಾ, ರಾತ್ರಿ ಎಷ್ಟು ಸಲ ಏಳ್ತೀರಿ. ಒಂದೊಂದಕ್ಕೂ 0ಯಿಂದ 5 ಅಂಕ. ಒಟ್ಟು 35. 7ರವರೆಗೆ ತೊಂದರೆ ಅಲ್ಪ, 8ರಿಂದ 19 ಮಧ್ಯಮ, 20 ಮತ್ತು ಅದಕ್ಕಿಂತ ಮೇಲೆ ಜಾಸ್ತಿ.

ಕೇಳೋಕೆ ಸುಲಭ ಅನ್ನಿಸುತ್ತೆ, ಅಲ್ವಾ? "ಐದು ಸಲದಲ್ಲಿ ಒಂದು ಸಲಕ್ಕಿಂತ ಕಡಿಮೆಯಾ, ಅರ್ಧದಷ್ಟು ಸಲವಾ, ಅರ್ಧಕ್ಕಿಂತ ಜಾಸ್ತಿಯಾ?" ಅಂತ ಕೇಳಿದೆ. ಚಿಕ್ಕಪ್ಪ ನನ್ನ ಮುಖ ನೋಡಿ, "ಉಚ್ಚೆ ಉಯ್ಯೋದ ಯಾರ್ಲಾ ಲೆಕ್ಕ ಮಡಿಕತ್ತಾರೆ?" ಅಂದರು. ಪಕ್ಕದ ಯಜಮಾನರು ಜೋರಾಗಿ ನಕ್ಕರು.

ರಾತ್ರಿಯ ಪ್ರಶ್ನೆಗೆ ಮಾತ್ರ ಥಟ್ಟನೆ ಐದು ಅಂದರು. ಐದಾ, ಪಾಪ ಅಂದುಕೊಂಡು ಬರೆದೆ. ಒಟ್ಟು 21 ಬಂತು, ಅಂದರೆ ಜಾಸ್ತಿ. ಆಮೇಲೆ ಏನೋ ಅನುಮಾನ ಬಂದು ಐದೂ ಸಲ ಒಂದಕ್ಕೇನಾ ಏಳೋದು ಅಂತ ಮತ್ತೆ ಕೇಳಿದೆ. ಅಲ್ಲವಂತೆ. ಅವರ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಕೊಡೋದು ರಾತ್ರಿ. ಮೋಟರ್ ಹಾಕೋಕೆ ಒಂದು ಸಲ, ಮಡೆ ತಿರುಗಿಸೋಕೆ ಇನ್ನೊಂದು ಸಲ ಏಳಬೇಕು. ಉಳಿದ ಮೂರು ಮಾತ್ರ ಒಂದಕ್ಕೆ. ಎರಡು ಕಳೆದೆ. 19 ಆಯಿತು. ಬೋರ್‌ವೆಲ್ ಲೆಕ್ಕ ತೆಗೆದ ತಕ್ಷಣ ನಮ್ಮ ಚಿಕ್ಕಪ್ಪ 'ಜಾಸ್ತಿ'ಯಿಂದ 'ಮಧ್ಯಮ'ಕ್ಕೆ ಇಳಿದರು!

ಅವತ್ತಿಂದ ನನಗೆ ಇದೇ ಯೋಚನೆ. ರಕ್ತ ಪರೀಕ್ಷೆಯ ಹಾಗೆ ಯಂತ್ರ ಕೊಡೋ ಸಂಖ್ಯೆಯಲ್ಲ ಇದು. ಒಬ್ಬ ಗಂಡಸು ನಾಚಿಕೆ ಬಿಟ್ಟು ಹೇಳಿದ ಮಾತು, ಅದನ್ನು ಇನ್ನೊಬ್ಬ ಸರಿಯಾಗಿ ಕೇಳಿ ಬರೆದದ್ದು. ಕೇಳೋದು ತಪ್ಪಿದರೆ ಸಂಖ್ಯೆಯೂ ತಪ್ಪು. ಅದಕ್ಕೇ ಸಂಶೋಧನೆ ಮಾಡೋರು ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ನೋಡೋಕೆ ಹಾಗೇ ಕಾಣೋ, ಮದ್ದಿಲ್ಲದ ಸುಳ್ಳು ಮಾತ್ರೆ ಕೊಟ್ಟು, ಯಾರಿಗೆ ಯಾವುದು ಅಂತ ಕೊಡೋರಿಗೂ ತಗೊಳ್ಳೋರಿಗೂ ಗೊತ್ತಾಗದ ಹಾಗೆ ಮಾಡೋದು.

ಅಮೆರಿಕದಲ್ಲಿ ಸಾ ಪಾಮೆಟ್ಟೊ ಅಂತ ಒಂದು ಕುಳ್ಳ ತಾಳೆ ಇದೆ. ಅದರ ಹಣ್ಣಿನ ಸಾರ ಪ್ರಾಸ್ಟೇಟಿಗೆ ರಾಮಬಾಣ ಅಂತ ಅಲ್ಲಿ ಭಾರಿ ವ್ಯಾಪಾರ. ನಮ್ಮ ನೆಗ್ಗಿಲು ಇದ್ದ ಹಾಗೆ ಅಂದುಕೊಳ್ಳಿ. 2006ರಲ್ಲಿ 225 ಜನರ ಮೇಲೆ ಒಂದು ವರ್ಷ ಪರೀಕ್ಷೆ ಮಾಡಿದರು, ಸುಳ್ಳು ಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಡೋಸ್ ಸಾಲದೇನೋ ಅಂತ ಇನ್ನೊಂದು ತಂಡ 369 ಜನಕ್ಕೆ 72 ವಾರ, ಮೂರು ಪಟ್ಟಿನವರೆಗೆ ಏರಿಸಿ ಕೊಟ್ಟಿತು. 2011ರಲ್ಲಿ ಫಲಿತಾಂಶ ಬಂತು. ತಾಳೆ ಸಾರ ತಗೊಂಡವರ ಅಂಕ ಇದೇ ಥರದ ಏಳು ಪ್ರಶ್ನೆಯ ಹಾಳೆಯಲ್ಲಿ 2.20 ಇಳಿದಿತ್ತು. ಏನೂ ಇಲ್ಲದ ಮಾತ್ರೆ ನುಂಗಿದವರದ್ದು 2.99! ಏನೂ ಇಲ್ಲದೆಯೇ ಮೂರು ಅಂಕ. ಕಷಾಯ ಕುಡಿದ ಮೇಲೆ "ಒಸಿ ಪರವಾಗಿಲ್ಲ" ಅಂತ ಚಿಕ್ಕಪ್ಪ ಹೇಳಿದ್ದು ಸುಳ್ಳಲ್ಲ. ಆದರೆ ಆ ಪರವಾಗಿಲ್ಲ ಅನ್ನೋದು ಕಷಾಯದ್ದೇ ಅನ್ನೋಕೆ ಬರಲ್ಲ. ಅಷ್ಟೇ ನನ್ನ ಮಾತು. ಅದಕ್ಕೂ ಪಕ್ಕದ ಮನೆಯವರು ಈಗ ನನ್ನ ಜೊತೆ ಮುಖ ಕೊಟ್ಟು ಮಾತಾಡಲ್ಲ.

ಮೂತ್ರದ ಪರೀಕ್ಷೆಯಲ್ಲಿ ಸೋಂಕೂ ಸಿಕ್ಕಿತು. ಪೂರ್ತಿ ಖಾಲಿಯಾಗದೆ ಒಳಗೇ ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ಕಟ್ಟೆ ನೀರು ಪಾಚಿ ಕಟ್ಟಿದ ಹಾಗೆ. ಉರಿ ಬಂದಾಗೆಲ್ಲ ಚಿಕ್ಕಪ್ಪ ಮೆಡಿಕಲ್ ಶಾಪಿನಿಂದ ಎರಡು ಮೂರು ಮಾತ್ರೆ ತಂದು ನುಂಗಿ, ಉರಿ ನಿಂತ ಕೂಡಲೇ ಬಿಡುತ್ತಿದ್ದರಂತೆ. ಡಾಕ್ಟರು ಯಾವ ಬ್ಯಾಕ್ಟೀರಿಯಾ ಅಂತ ನೋಡೋ ಕಲ್ಚರ್ ಪರೀಕ್ಷೆಗೆ ಕಳಿಸಿ, ಅದಕ್ಕೆ ತಕ್ಕ ಮಾತ್ರೆ ಏಳು ದಿನಕ್ಕೆ ಬರೆದರು. ಇಷ್ಟೇನಾ, ಹದಿನಾಲ್ಕು ದಿನ ಬೇಡವಾ ಅಂತ ನಾನು ಕೇಳಿದೆ. ಆಮೇಲೆ ಮನೆಗೆ ಬಂದು ನೋಡಿದರೆ ಇದನ್ನೂ ಪರೀಕ್ಷೆ ಮಾಡಿದ್ದಾರೆ. 2021ರಲ್ಲಿ ಅಮೆರಿಕದಲ್ಲಿ ಮೂತ್ರದ ಸೋಂಕಿದ್ದು ಜ್ವರ ಇಲ್ಲದ 272 ಗಂಡಸರಲ್ಲಿ ಏಳು ದಿನ, ಹದಿನಾಲ್ಕು ದಿನ ಹೋಲಿಸಿದರು. ಏಳು ದಿನದವರಲ್ಲಿ 100ಕ್ಕೆ 93 ಜನಕ್ಕೆ ವಾಸಿ, ಹದಿನಾಲ್ಕರವರಲ್ಲಿ 90. ಜ್ವರ ಇದ್ದವರಿಗೆ ಈ ಲೆಕ್ಕ ಅನ್ವಯಿಸಲ್ಲ, ನೆನಪಿರಲಿ. ಇನ್ನೊಂದು, ಸೋಂಕು ಇರುವಾಗ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ನೋಡೋ ಪಿಎಸ್‌ಎ ರಕ್ತ ಪರೀಕ್ಷೆ ಮಾಡಿಸಿದರೆ ಸಂಖ್ಯೆ ಏರಿರಬಹುದು, ಸುಮ್ನೆ ಕ್ಯಾನ್ಸರ್ ಭಯ. ಅದಕ್ಕೆ ಡಾಕ್ಟರು ಅದನ್ನು ಕೆಲವು ವಾರ ಮುಂದಕ್ಕೆ ಹಾಕಿದರು.

ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ಅಂತ ಒಂದು ಮಾತ್ರೆ ಕೊಟ್ಟರು. ಎದ್ದು ನಿಂತಾಗ ತಲೆ ಸುತ್ತಬಹುದು, ಹುಷಾರು ಅಂದರು. ಅಷ್ಟೇ ಹೇಳಿದ್ದು.

ಮೂರು ವಾರ ಬಿಟ್ಟು ಊರಿಗೆ ಹೋದರೆ ಚಿಕ್ಕಪ್ಪ ಮಾತ್ರೆ ನಿಲ್ಲಿಸಿದ್ದರು. ಯಾಕೆ ಅಂತ ಯಾರಿಗೂ ಹೇಳಿಲ್ಲ. ಸಂಜೆ ಗದ್ದೆ ಬದುವಿನ ಮೇಲೆ ನಡೆಯುವಾಗ, ನನ್ನ ಕಡೆ ನೋಡದೆ, ಕಬ್ಬಿನ ಕಡೆ ನೋಡಿಕೊಂಡು, "ಅದು ಆಯ್ತದೆ ಕಣ್ಲಾ, ಆದ್ರೆ ಏನೂ ಬರಕಿಲ್ಲ" ಅಂದರು. ನನಗೆ ಅರ್ಥವಾಗೋಕೆ ಹತ್ತು ಹೆಜ್ಜೆ ಬೇಕಾಯಿತು. ಈ ಮಾತ್ರೆಗೆ ವೀರ್ಯ ಕಡಿಮೆ ಆಗೋದು, ಕೆಲವರಿಗೆ ಬರದೇ ಇರೋದು ಗೊತ್ತಿರುವ ವಿಷಯ. ಅಮೆರಿಕದ ಪರೀಕ್ಷೆಗಳಲ್ಲಿ 0.4 ಮಿಲಿಗ್ರಾಂ ತಗೊಂಡವರಲ್ಲಿ 8.4% ಜನ ಈ ಥರದ ತೊಂದರೆ ಹೇಳಿದ್ದರು, ಸುಳ್ಳು ಮಾತ್ರೆಯವರಲ್ಲಿ 0.2%. ಅಪಾಯ ಇಲ್ಲ, ಮಾತ್ರೆ ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತೆ. ಇಷ್ಟನ್ನು ಮೊದಲೇ ಒಂದು ವಾಕ್ಯದಲ್ಲಿ ಹೇಳಿದ್ದರೆ ಮುಗೀತಿತ್ತು. 64 ವರ್ಷದ ರೈತನಿಗೆ ಇದೆಲ್ಲ ಯಾಕೆ ಅಂತ ಅಂದುಕೊಂಡರೋ ಏನೋ. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ನನ್ನ ಮೇಲೂ ಬಂತು, ಹಾಳೆ ಓದಿದವನು ನಾನು, ಇದನ್ನೂ ಕೇಳೋಣ ಅಂತ ನನಗೂ ಹೊಳೆಯಲಿಲ್ಲ.

ಮತ್ತೆ ಹೋದೆವು. ಈ ಸಲ ಡಾಕ್ಟರು ನನ್ನನ್ನು ಹೊರಗೆ ಕೂರಿಸಿ ಅವರೊಬ್ಬರ ಜೊತೆ ಹತ್ತು ನಿಮಿಷ ಮಾತಾಡಿದರು. ಬೇರೆ ಮಾತ್ರೆ ಬರೆದುಕೊಟ್ಟರು. ಒಳಗೆ ಏನು ಮಾತಾಯಿತು ಅಂತ ನಾನು ಕೇಳಲಿಲ್ಲ.

ಎರಡು ತಿಂಗಳಾದ ಮೇಲೆ ಅದೇ ಕಾರಿಡಾರ್, ಅದೇ ಹಾಳೆ. ಕೊನೆಯ ಆ ಎಂಟನೇ ಪ್ರಶ್ನೆ, ಅಂಕಕ್ಕೆ ಸೇರದ್ದು, ಹೋದ ಸಲ ಕೇಳಿದಾಗ ಅವರು ಉತ್ತರವನ್ನೇ ಕೊಟ್ಟಿರಲಿಲ್ಲ: ಇನ್ನುಳಿದ ಬದುಕೆಲ್ಲ ಮೂತ್ರದ ಸ್ಥಿತಿ ಈಗ ಇರುವ ಹಾಗೇ ಇದ್ದರೆ ನಿಮಗೆ ಹೇಗನಿಸುತ್ತೆ? ಈ ಸಲ "ಇಂಗೇ ಇದ್ರೆ ಸಾಕು, ಬರ್ಕೊ" ಅಂದರು. ಒಟ್ಟು 11 ಬಂತು. ರಾತ್ರಿಯ ಪ್ರಶ್ನೆಗೆ ಬೆರಳು ಮಡಿಸಿ ಎಣಿಸಿದರು.

"ಒಂದಕ್ಕೆ ಒಂದೇ ಸಲ. ಕರೆಂಟು ಮಾತ್ರ ಇನ್ನೂ ಎರಡು ಸಲ ಎಬ್ಬುಸ್ತದೆ. ಅದುಕ್ಕೇನಾದ್ರೂ ಮಾತ್ರೆ ಐತಾ ಕೇಳ್ಲಾ."