ಮೊಬೈಲ್ ಇಲ್ಲದೆ ಉಣ್ಣಿಸುವುದು ಹೇಗೆ ಅಂತ ಕೇಳುವವರಿಗೆ

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಲಸಿಕೆ ಹಾಕಿಸಲು ಕಾಯುತ್ತಾ ಕೂತಲ್ಲಿ, ಎಲ್ಲ ಕಡೆ ನನಗೆ ಒಂದೇ ಪ್ರಶ್ನೆ ಬರುತ್ತದೆ. "ಎಂತ ಮಾರಾಯ್ತಿ, ಮೊಬೈಲ್ ತೋರಿಸದೆ ಇವಳಿಗೆ ಹೇಗೆ ಊಟ ಮಾಡಿಸುದು ನೀನು? ನಮ್ಮದು ಮೊಬೈಲ್ ಇಲ್ಲದಿದ್ರೆ ಬಾಯಿಯೇ ತೆರೆಯುದಿಲ್ಲ." ಕೇಳುವವರ ಮುಖದಲ್ಲಿ ಸುಸ್ತು ಕಾಣುತ್ತದೆ. ನಿಂತಲ್ಲೇ ಹೇಳಿ ಮುಗಿಸುವಷ್ಟು ಸಣ್ಣ ಉತ್ತರ ನನ್ನ ಹತ್ತಿರ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮಗಳಿಗೆ ಈಗ 2 ವರ್ಷ 3 ತಿಂಗಳು. ನಾವಿರುವುದು ಉಡುಪಿಯ ಕೊಡವೂರಿನಲ್ಲಿ, ಅತ್ತೆ ಮಾವನ ಜೊತೆ. ನನ್ನ ತವರು ತೀರ್ಥಹಳ್ಳಿ ಕಡೆ. ಇಲ್ಲಿ ಮನೆಮಾತು ತುಳು, ನಾನು ಮಗಳ ಹತ್ತಿರ ಮಾತಾಡುವುದು ಕನ್ನಡ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲೂ ಊಟದ ಹೊತ್ತಿಗೆ ಮೊಬೈಲ್ ಇತ್ತು. ಅವಳಿಗೆ 14 ತಿಂಗಳಾದಾಗ ಶುರುವಾಗಿದ್ದು ನಾಲ್ಕು ತಿಂಗಳು ನಡೆಯಿತು.

ಒಂದು ವರ್ಷದವರೆಗೆ ಅವಳು ಚೆನ್ನಾಗಿ ತಿನ್ನುತ್ತಿದ್ದಳು. ಬಟ್ಟಲು ತುಂಬ ರಾಗಿ ಮಣ್ಣಿ ಕೊಟ್ಟರೆ ಬಟ್ಟಲು ಖಾಲಿ. ಆಮೇಲೆ ಒಮ್ಮೆಲೇ ಮುಖ ತಿರುಗಿಸತೊಡಗಿದಳು. ಎರಡು ಚಮಚ ತಿಂದರೆ ದೊಡ್ಡದು. ನನಗೂ ಅತ್ತೆಗೂ ಹೆದರಿಕೆ ಹಿಡಿಯಿತು. ಒಂದು ದಿನ ನನ್ನ ಗಂಡ ಮೊಬೈಲಿನಲ್ಲಿ ಮಕ್ಕಳ ಹಾಡು ಹಾಕಿ ಎದುರಿಗೆ ಇಟ್ಟರು. ಹತ್ತು ನಿಮಿಷದಲ್ಲಿ ಬಟ್ಟಲು ಖಾಲಿ! ಆ ದಿನ ಮನೆಮಂದಿಗೆಲ್ಲ ಎಷ್ಟು ಸಮಾಧಾನ ಆಗಿತ್ತು ಅಂದರೆ, ಮರುದಿನ ಯಾರೂ ಎರಡು ಸಲ ಯೋಚಿಸಲೇ ಇಲ್ಲ.

ನಾಲ್ಕನೇ ತಿಂಗಳಿನ ಹೊತ್ತಿಗೆ ಚಮಚ ತುಟಿಗೆ ತಾಗಿದರೆ ಸಾಕು, ಬಾಯಿ ತೆರೆಯುತ್ತಿತ್ತು. ಒಳಗೆ ಹೋದದ್ದು ಅನ್ನವೋ ಬಾಳೆಹಣ್ಣೋ ಅವಳು ನೋಡುತ್ತಿರಲಿಲ್ಲ. ಒಂದು ರಾತ್ರಿ ಒಂದು ಬಟ್ಟಲು ಮೊಸರನ್ನ ಮುಗಿಯಿತು. ಬಾಯಿ ತೆರೆಯುತ್ತಲೇ ಇದ್ದಾಳಲ್ಲ ಅಂತ ಇನ್ನರ್ಧ ಬಟ್ಟಲು ಹಾಕಿದೆ. ಐದು ನಿಮಿಷದಲ್ಲಿ ಎಲ್ಲವನ್ನೂ ವಾಂತಿ ಮಾಡಿಕೊಂಡಳು. ಜ್ವರ ಇಲ್ಲ, ಶೀತ ಇಲ್ಲ. ಹೊಟ್ಟೆ ತುಂಬಿ ಹೆಚ್ಚಾಗಿತ್ತು, ಅಷ್ಟೇ. ಕಣ್ಣು ಮೊಬೈಲಿನಲ್ಲಿದ್ದ ಕಾರಣ ಅದು ಅವಳಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಬಚ್ಚಲಲ್ಲಿ ಅವಳ ಅಂಗಿ ಒಗೆಯುತ್ತಾ ಅತ್ತುಬಿಟ್ಟೆ. ಹೊಟ್ಟೆ ತುಂಬಿತು ಅಂತ ತಿಳಿಯುವುದು ಅವಳಿಗೆ ಹುಟ್ಟಿನಿಂದ ಬಂದಿತ್ತು. ಎದೆಹಾಲು ಕುಡಿಯುವಾಗ ಸಾಕಾದ ಕೂಡಲೇ ತಾನೇ ಬಿಡುತ್ತಿದ್ದ ಮಗು ಅದು. ಅದನ್ನು ಮರೆಸಿದ್ದು ನಾವು.

ಮುಂದಿನ ವಾರ ಡಾಕ್ಟರ ಹತ್ತಿರ ಹೋದಾಗ ಅವರು ತಾಯಿ ಕಾರ್ಡಿನಲ್ಲಿ ತೂಕದ ಗೆರೆ ನೋಡಿದರು. ಗೆರೆ ಸರಿಯಾಗಿಯೇ ಮೇಲೆ ಹೋಗುತ್ತಿತ್ತು. ಆಮೇಲೆ ಒಂದು ಲೆಕ್ಕ ಹೇಳಿದರು. ಹುಟ್ಟುವಾಗ 3 ಕೆ.ಜಿ. ಇದ್ದ ಮಗು ಒಂದು ವರ್ಷಕ್ಕೆ ಸುಮಾರು 9 ಕೆ.ಜಿ. ಆಗುತ್ತದೆ, ಅಂದರೆ ಮೂರು ಪಟ್ಟು. ಅದೇ ವೇಗದಲ್ಲಿ ಬೆಳೆದರೆ ಎರಡು ವರ್ಷಕ್ಕೆ 27 ಕೆ.ಜಿ. ಆಗಬೇಕು. ಹಾಗೆ ಆಗುವುದಿಲ್ಲ ಅಲ್ವಾ? ಎರಡನೇ ವರ್ಷ ಪೂರ್ತಿ ಸೇರಿ ಹೆಚ್ಚಾಗುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಬೆಳೆಯುವ ವೇಗ ಇಳಿದಾಗ ಹಸಿವೂ ಇಳಿಯುತ್ತದೆ. ಇಷ್ಟು ಸಣ್ಣ ವಿಷಯ ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. "ಮಗು ಊಟ ಬಿಟ್ಟಿದೆ" ಎಂಬ ಹೆದರಿಕೆ ಹೆಚ್ಚಿನ ಮನೆಗಳಲ್ಲಿ ಶುರುವಾಗುವುದೇ ಈ ವಯಸ್ಸಿನಲ್ಲಿ. ಮೊಬೈಲ್ ಊಟದ ಹತ್ತಿರ ಬರುವುದೂ ಆಗಲೇ.

ಅವರು ಕೇಳಿದ ಇನ್ನೊಂದು ಪ್ರಶ್ನೆ, "ಹಾಲು ಎಷ್ಟು ಕುಡಿಯುತ್ತಾಳೆ?" ಮನೆಗೆ ಬಂದು ಅಳೆದು ನೋಡಿದೆ. ಬೆಳಿಗ್ಗೆ, ಮಧ್ಯಾಹ್ನ ಮಲಗುವಾಗ, ರಾತ್ರಿ, ಹೀಗೆ ಮೂರು ಬಾಟಲಿ. ಒಂದೊಂದರಲ್ಲಿ 250 ಮಿ.ಲೀ. ಅಂದರೆ ಮುಕ್ಕಾಲು ಲೀಟರ್ ಹಾಲು ಆ ಪುಟ್ಟ ಹೊಟ್ಟೆಯಲ್ಲಿ! ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲೇ ಜಾಸ್ತಿ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ಹಾಲಿನಿಂದಲೇ ಹೊಟ್ಟೆ ತುಂಬಿದರೆ ರಕ್ತ ಕಡಿಮೆಯಾಗುವ ಅಪಾಯ ಇದೆ. ಬಾಟಲಿ ಬಿಡಿಸಿ, ಲೋಟದಲ್ಲಿ ಎರಡು ಸಲ, ಒಟ್ಟು 400 ಮಿ.ಲೀ.ಗೆ ಇಳಿಸಿದೆವು. ಬೇರೆ ಏನನ್ನೂ ಮಾಡಲು ಆಗದಿದ್ದರೆ ಇದೊಂದನ್ನಾದರೂ ಮಾಡಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹಾಗೆಯೇ ಸಂಜೆ ನಾಲ್ಕು ಗಂಟೆಯ ಬಿಸ್ಕೆಟ್, ರಸ್ಕ್. ಊಟಕ್ಕೂ ತಿಂಡಿಗೂ ನಡುವೆ ಎರಡರಿಂದ ಮೂರು ಗಂಟೆ ಬಾಯಿಗೆ ನೀರು ಬಿಟ್ಟು ಬೇರೇನೂ ಹೋಗದಿದ್ದರೆ ಹಸಿವು ತಾನಾಗಿ ಬರುತ್ತದೆ.

ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಮಕ್ಕಳ ಊಟದ ಕೆಲಸವನ್ನು ಎರಡು ಪಾಲು ಮಾಡಿದ್ದಾರೆ. ಏನು ಕೊಡಬೇಕು, ಯಾವಾಗ, ಎಲ್ಲಿ ಕೂರಿಸಿ ಕೊಡಬೇಕು, ಇದೆಲ್ಲ ದೊಡ್ಡವರ ಪಾಲು. ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು, ಅದು ಮಗುವಿನ ಪಾಲು. ನನ್ನ ಉತ್ತರದ ಬೇರು ಇದೇ. ಅಲ್ಲಿಯವರೆಗೆ ನಾನು ಅವಳ ಪಾಲಿನ ಕೆಲಸವನ್ನೂ ಮೈಮೇಲೆ ಹಾಕಿಕೊಂಡಿದ್ದೆ. ಆ ಕೆಲಸಕ್ಕೇ ನನಗೆ ಮೊಬೈಲ್ ಬೇಕಾಗುತ್ತಿತ್ತು.

ನಾವು ನಿಲ್ಲಿಸಿದ್ದು ಜುಲೈ ತಿಂಗಳಲ್ಲಿ. ಹೊರಗೆ ಜಡಿಮಳೆ. ಮಗುವನ್ನು ಅಂಗಳಕ್ಕೆ ಬಿಡುವಂತಿಲ್ಲ, ಓಡಾಡಿಸಿ ಹಸಿವು ತರಿಸುವಂತಿಲ್ಲ. ಮೊದಲ ದಿನ ಮಧ್ಯಾಹ್ನ ಮೊಬೈಲ್ ಬೇಕು ಅಂತ ಇಪ್ಪತ್ತು ನಿಮಿಷ ಅತ್ತಳು, ಒಂದಗುಳೂ ತಿನ್ನಲಿಲ್ಲ. ಎರಡನೇ ದಿನ ನೀರುದೋಸೆಯ ಎರಡು ಚೂರು. ಮೂರನೇ ದಿನ ರಾತ್ರಿ ನನಗೇ ಧೈರ್ಯ ಹೋಗಿತ್ತು, ಮೊಬೈಲಿಗೆ ಕೈ ಹಾಕಿದ್ದೆ. ಗಂಡ ತಡೆದರು. ನಾಲ್ಕನೇ ದಿನ ಬೆಳಿಗ್ಗೆ ಅತ್ತೆ ಪುಂಡಿ, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ, ಮಾಡಿದ್ದರು. ಒಂದು ಪುಂಡಿಯನ್ನು ಅವಳ ಕೈಗೇ ಕೊಟ್ಟೆವು. ಹಿಚುಕಿದಳು, ಮೂಸಿದಳು, ನೆಲಕ್ಕೆ ಒತ್ತಿದಳು, ಆಮೇಲೆ ಕಚ್ಚಿದಳು. ಅರ್ಧ ಪುಂಡಿ ತಿಂದಳು. ನಾನು ಚಮಚ ಹಿಡಿಯದೆ ಅವಳು ತಿಂದ ಮೊದಲ ತಿಂಡಿ ಅದು.

ಈ ಊರಿನ ಅಡುಗೆ ಮಕ್ಕಳ ಕೈಗೆ ಹೇಳಿ ಮಾಡಿಸಿದ ಹಾಗಿದೆ. ನೀರುದೋಸೆ ಮೆತ್ತಗೆ, ಸುಲಭವಾಗಿ ಹರಿಯುತ್ತದೆ. ಪುಂಡಿಯನ್ನು ಮುಷ್ಟಿಯಲ್ಲಿ ಹಿಡಿಯಬಹುದು. ಮೂಡೆ ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಇಡ್ಲಿ, ಅದರ ಎಲೆ ಬಿಡಿಸುವುದೇ ಅವಳಿಗೆ ಒಂದು ಸಂಭ್ರಮ. ಕುಚ್ಚಲಕ್ಕಿ ಗಂಜಿ ಚೆನ್ನಾಗಿ ಬೆಂದರೆ ಅಗುಳು ಅಗುಳಾಗಿ ಹೆಕ್ಕಿ ತಿನ್ನುತ್ತಾಳೆ. ಗಂಜಿ ತಿಳಿಗೆ ಚೂರು ಉಪ್ಪು, ತುಪ್ಪ ಹಾಕಿದರೆ ಲೋಟದಲ್ಲಿ ಕುಡಿಯುತ್ತಾಳೆ. ತೆಂಗಿನ ಹಾಲು, ಬೆಲ್ಲ ಹಾಕಿ ಮಾಡಿದ ರಾಗಿ ಮಣ್ಣಿಯನ್ನು ತಟ್ಟೆಗೆ ಸುರಿದು, ಆರಿದ ಮೇಲೆ ತುಂಡು ಮಾಡಿದರೆ ಅದೂ ಕೈ ತಿಂಡಿಯೇ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂ.ಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಹಾಲು ಕಡಿಮೆ ಮಾಡಿದ್ದಕ್ಕೆ ಅತ್ತೆ ಚಿಂತೆ ಮಾಡಿದಾಗ ನಾನು ಹೇಳಿದ್ದು ಇದನ್ನೇ.

ಆಗಸ್ಟ್‌ನಲ್ಲಿ ಮೀನು ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಎರಡು ತಿಂಗಳ ಮೇಲೆ ಮಲ್ಪೆಯ ತಾಜಾ ಮೀನು ಅಂದರೆ ಮಾವನಿಗೆ ಹಬ್ಬ. ಅವರು ತಮ್ಮ ತಟ್ಟೆಯ ಕಾಣೆ ಮೀನಿನ ಮುಳ್ಳು ತೆಗೆದು, ಬೆರಳಲ್ಲಿ ಎರಡೆರಡು ಸಲ ಒತ್ತಿ ನೋಡಿ, ಒಂದು ಚೂರನ್ನು ಅವಳ ತಟ್ಟೆಯ ಬದಿಗೆ ಇಟ್ಟರು. ತಿನ್ನು ಅಂತ ಹೇಳಲಿಲ್ಲ. ತಾವು ತಿನ್ನುತ್ತಾ ಹೋದರು. ಅವಳು ಅಜ್ಜನ ಬಾಯಿ ನೋಡಿದಳು, ತಟ್ಟೆ ನೋಡಿದಳು, ಬಾಯಿಗೆ ಹಾಕಿಕೊಂಡಳು. ನಾನು ಎಷ್ಟು ಬೇಡಿದರೂ ಆಗದ್ದು ಆ ಒಂದು ಊಟದಲ್ಲಿ ಆಯಿತು. ಮಕ್ಕಳು ತಿನ್ನಲು ಕಲಿಯುವುದು ತಿನ್ನುವವರನ್ನು ನೋಡಿ. ಮೊದಲು ಅವಳಿಗೆ ಉಣ್ಣಿಸಿ ಮಲಗಿಸಿ ಆಮೇಲೆ ನಾವು ಉಣ್ಣುತ್ತಿದ್ದೆವು. ಅವಳಿಗೆ ನೋಡಲು ಯಾರೂ ಇರುತ್ತಿರಲಿಲ್ಲ.

ಎಲ್ಲವೂ ಹೀಗೆ ಸುಲಭ ಅಂತ ತಿಳಿಯಬೇಡಿ. ಚಳಿಗಾಲದಲ್ಲಿ ಗುಳ್ಳದ, ಅಂದರೆ ಇಲ್ಲಿಯ ಬದನೆಯ, ಹುಳಿ ಮಾಡಿದಾಗಲೆಲ್ಲ ಒಂದು ತುಂಡು ಇಟ್ಟೆವು. ಆರೇಳು ಸಲ ಎಸೆದಳು. ಎರಡು ವರ್ಷದ ಹತ್ತಿರ ಮಕ್ಕಳಿಗೆ ಹೊಸ ರುಚಿಯ ಮೇಲೆ ಒಂದು ಅನುಮಾನ ಬರುತ್ತದೆ, ಅದು ಬೆಳವಣಿಗೆಯ ಭಾಗವೇ. ಒಂದು ತಿನಿಸನ್ನು ಒಪ್ಪಲು ಎಂಟು ಹತ್ತು ಸಲ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ಸಲ ಎದುರಿಗೆ ಇಡಬೇಕಾಗುತ್ತದೆ. ಗುಳ್ಳ ಕೊನೆಗೆ ಒಪ್ಪಿಗೆಯಾಯಿತು. ಬಸಳೆ ಇವತ್ತಿಗೂ ಇಲ್ಲ. ಇರಲಿ.

ಒಂದು ದಿನ ಅತ್ತೆ ಕೇಳಿದರು, "ನಾವು ಚಂದಮಾಮ ತೋರಿಸಿ ಉಣ್ಣಿಸಿದ್ದು. ಕಾಗೆ ತೋರಿಸಿದ್ದು, ಬೆಕ್ಕು ತೋರಿಸಿದ್ದು. ನೀವು ಮೊಬೈಲ್ ತೋರಿಸುದು. ಎಂತ ವ್ಯತ್ಯಾಸ?" ಅದು ನ್ಯಾಯವಾದ ಪ್ರಶ್ನೆ. ನಾನು ತುಂಬ ದಿನ ಯೋಚಿಸಿದೆ. ಚಂದಮಾಮ ತೋರಿಸುವಾಗಲೂ ಗಮನ ಬೇರೆಡೆಗೆ ಸೆಳೆದು ಒಂದು ತುತ್ತು ಜಾಸ್ತಿ ಹಾಕುವ ಆಸೆ ಇತ್ತು, ಅದು ನಿಜ. ಆದರೆ ಕಾಗೆ ಹಾರಿ ಹೋಗುತ್ತದೆ. ಆಗ ಮಗು ತಿರುಗಿ ಅಜ್ಜಿಯ ಮುಖ ನೋಡುತ್ತದೆ. "ಎಲ್ಲಿ ಹೋಯ್ತು?" ಅಂತ ಅಜ್ಜಿ ಕೇಳುತ್ತಾರೆ, ಮಗು ಬೆರಳು ಮಾಡಿ ತೋರಿಸುತ್ತದೆ. ಆ ನಡುವೆ ಬಾಯಲ್ಲಿದ್ದ ಅನ್ನದ ರುಚಿ ಗೊತ್ತಾಗುತ್ತದೆ, ಸಾಕು ಅನ್ನಲು ಜಾಗ ಸಿಗುತ್ತದೆ. ಮೊಬೈಲಿನ ಚಿತ್ರ ಹಾರಿ ಹೋಗುವುದಿಲ್ಲ. ಒಂದು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಅಜ್ಜಿಯ ಮುಖಕ್ಕೆ ತಿರುಗುವ ಹೊತ್ತೇ ಮಗುವಿಗೆ ಸಿಗುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಕೂತು ಪರದೆ ನೋಡುವುದು ಬೇಡ, ಆಮೇಲೂ ಐದು ವರ್ಷ ಆಗುವವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಕ್ಕಳ ಜೊತೆ ಕಥೆ ಹೇಳಿ, ಓದಿ ಅಂತಲೂ ಅದರಲ್ಲೇ ಇದೆ. ಅದನ್ನು ಓದಿ ಹೇಳಿದಾಗ ಅತ್ತೆ, "ಹಾಗಾದ್ರೆ ಕಾಗೆ ಅಡ್ಡಿಲ್ಲ ಅಲ್ವಾ?" ಅಂದರು. ಅಡ್ಡಿಲ್ಲ ಅಂದೆ. ನಮ್ಮ ಹಿತ್ತಿಲ ತೆಂಗಿನಮರದ ಕಾಗೆ ಈಗಲೂ ಮಧ್ಯಾಹ್ನದ ಊಟಕ್ಕೆ ಹಾಜರಿರುತ್ತದೆ.

ಅತ್ತೆಗೆ ನಿಜವಾಗಿ ಕಷ್ಟವಾದದ್ದು ತಟ್ಟೆಯಲ್ಲಿ ಅನ್ನ ಉಳಿಯುವುದು. ಅನ್ನದ ಬೆಲೆ ಗೊತ್ತಿರುವ ಹಿರಿಯರಿಗೆ ಅದು ನೋವಿನ ವಿಷಯವೇ. ಅದಕ್ಕೆ ನಾವು ಬಡಿಸುವುದನ್ನೇ ಕಡಿಮೆ ಮಾಡಿದೆವು. ಮಗುವಿನ ಹೊಟ್ಟೆ ಹೆಚ್ಚುಕಡಿಮೆ ಅದರ ಮುಷ್ಟಿಯಷ್ಟು. ಎರಡು ಚಮಚ ಅನ್ನ, ಒಂದು ಚಮಚ ತೊವ್ವೆ, ಕೇಳಿದರೆ ಮತ್ತೆ. ಮಾವ ಮಧ್ಯಾಹ್ನದ ವಾರ್ತೆಯನ್ನು ಊಟ ಆದ ಮೇಲೆ ನೋಡುತ್ತಾರೆ. ನನ್ನ ಗಂಡ ಊಟದ ಹೊತ್ತಿಗೆ ಮೊಬೈಲನ್ನು ಫ್ರಿಜ್ಜಿನ ಮೇಲೆ ಇಡುತ್ತಾರೆ. ನಾವು ಕೈಯಲ್ಲಿ ಹಿಡಿದು ಅವಳಿಗೆ ಬೇಡ ಅಂದರೆ ಅವಳು ಒಪ್ಪುವುದಾದರೂ ಹೇಗೆ? ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ. ಆಮೇಲೆ ತಟ್ಟೆ ಎತ್ತುತ್ತೇವೆ. ಬಟ್ಟಲು ಹಿಡಿದು ಹಿಂದೆ ಓಡುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಕೈಗೆ ಕೊಡುತ್ತೀರಿ ಅಂದರೆ ಪಕ್ಕದಲ್ಲೇ ಕೂತಿರಬೇಕು. ಇಡೀ ನೆಲಗಡಲೆ, ಇಡೀ ದ್ರಾಕ್ಷಿ, ಹಲಸಿನ ಬೀಜ, ಮುಳ್ಳಿರುವ ಬಂಗುಡೆ, ಬೂತಾಯಿ ಯಾವುದನ್ನೂ ಹಾಗೇ ಕೊಡಬಾರದು. ಮತ್ತೆ ತೂಕ ಏರದೆ ನಿಂತಿದ್ದರೆ, ಇಳಿಯುತ್ತಿದ್ದರೆ, ನುಂಗುವಾಗ ಪ್ರತಿ ಸಲ ಕೆಮ್ಮು ಬರುತ್ತಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ನಾನು ಹೇಳಿದ್ದನ್ನೆಲ್ಲ ಬದಿಗಿಟ್ಟು ಡಾಕ್ಟರಿಗೆ ತೋರಿಸಿ.

ಮೊಬೈಲ್ ಕೊಟ್ಟು ಉಣ್ಣಿಸುವ ಅಮ್ಮಂದಿರ ಮೇಲೆ ನನಗೆ ಸ್ವಲ್ಪವೂ ಸಿಟ್ಟಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಜನ ದೊಡ್ಡವರಿದ್ದೇವೆ. ಒಬ್ಬಳೇ ಅಡುಗೆ ಮಾಡಿ, ಉಣ್ಣಿಸಿ, ಪಾತ್ರೆ ತೊಳೆದು, ಒಂಬತ್ತು ಗಂಟೆಗೆ ಮಣಿಪಾಲದ ಬಸ್ಸು ಹಿಡಿಯಬೇಕಾದವಳ ಬೆಳಗು ಹೇಗಿರುತ್ತದೆ ಅಂತ ನನಗೆ ಗೊತ್ತು. ಅಂಥವರು ಕೇಳಿದರೆ ನಾನು ಹೇಳುವುದು, ಎಲ್ಲ ಊಟ ಬೇಡ, ರಾತ್ರಿಯ ಒಂದು ಊಟ ಸಾಕು. ಆ ಒಂದು ಊಟ ನಿಮ್ಮ ಜೊತೆ, ನಿಮ್ಮ ತಟ್ಟೆಯ ಪಕ್ಕ, ಅವರ ತಟ್ಟೆ. ಮನೆಯಲ್ಲಿ ಗಂಡಸರಿದ್ದರೆ ಅವರನ್ನೂ ಕೂರಿಸಿ. ಈ ಪ್ರಶ್ನೆಯನ್ನು ಅಮ್ಮಂದಿರು ಮಾತ್ರ ಕೇಳುತ್ತಾರೆ, ಅಪ್ಪಂದಿರು ಒಬ್ಬರೂ ಇವತ್ತಿನವರೆಗೆ ನನ್ನನ್ನು ಕೇಳಿಲ್ಲ. ಅದು ನನಗೆ ಬೇಸರದ ಸಂಗತಿ.

ತುಳುವಿನಲ್ಲಿ "ಸಾಕು" ಅನ್ನುವುದಕ್ಕೆ "ಯಾವು" ಅಂತಾರೆ. ಮಗಳು ಆ ಮಾತನ್ನು ಕಲಿತದ್ದು ಮೊಬೈಲ್ ನಿಲ್ಲಿಸಿದ ಎರಡು ತಿಂಗಳ ನಂತರ. ಮೊದಮೊದಲು ಅವಳು ಯಾವು ಅಂದಾಗ ಅತ್ತೆ, "ನನ ಒಂತೆ ಬಂಗಾರ್" ಅಂತ ಇನ್ನು ಸ್ವಲ್ಪಕ್ಕೆ ಒತ್ತಾಯ ಮಾಡುತ್ತಿದ್ದರು.

ನಿನ್ನೆ ರಾತ್ರಿ ಗಂಜಿ, ಜೊತೆಗೆ ಕಾಟು ಮಾವಿನ ಹಣ್ಣು. ಗಂಜಿ ನಾಲ್ಕು ತುತ್ತು ತಿಂದಳು. ಹಣ್ಣನ್ನು ಮೊಣಕೈವರೆಗೆ ರಸ ಇಳಿಸಿಕೊಂಡು ಚೀಪಿದಳು. ಗೊರಟನ್ನು ಅಜ್ಜನ ತಟ್ಟೆಗೆ ಹಾಕಿ, ತನ್ನ ತಟ್ಟೆಯನ್ನು ಮುಂದಕ್ಕೆ ದೂಡಿ "ಯಾವು" ಅಂದಳು. ಅತ್ತೆ ಏನೂ ಹೇಳದೆ ತಟ್ಟೆ ಎತ್ತಿಕೊಂಡು, ಅವಳ ಕೈ ತೊಳೆಸಲು ಹಿತ್ತಿಲಿಗೆ ಕರೆದುಕೊಂಡು ಹೋದರು.