ಮೊದಲು ರಿಪೇರಿಯವರು, ಆಮೇಲೆ ಕ್ರೋನೋಗ್ರಾಫ್

25,000 ರೂಪಾಯಿಯೊಳಗೆ ಮೆಕ್ಯಾನಿಕಲ್ ಕ್ರೋನೋಗ್ರಾಫ್, ಅಂದರೆ ಒಳಗೇ ಸ್ಟಾಪ್‌ವಾಚ್ ಇರುವ ಕೈಗಡಿಯಾರ, ಸಿಗುತ್ತದೆ. ಬ್ಯಾಟರಿ ಇಲ್ಲದ, ದಿನಾ ಕೀ ಕೊಟ್ಟು ಓಡಿಸುವ ವಾಚು. ಮೇಲಿನ ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನ ಗುಂಡಿ ಒತ್ತಿದರೆ ಟಕ್ಕನೆ ಸೊನ್ನೆಗೆ ಬಂದು ಕೂರುತ್ತದೆ. ಇದೇ ಕೆಲಸದ ಹೊಸ ಸ್ವಿಸ್ ವಾಚು ಬೇಕೆಂದು ದೊಡ್ಡ ಅಂಗಡಿಗೆ ಹೋದರೆ ಲಕ್ಷದ ಮೇಲೆಯೇ ಮಾತು ಶುರುವಾಗುತ್ತದೆ. ಆದರೆ ಕೈಯಲ್ಲಿರುವ 25,000ವನ್ನೂ ವಾಚಿಗೇ ಸುರಿಯಬೇಡಿ. ಅದರಲ್ಲೊಂದು ಪಾಲು ರಿಪೇರಿಯವರದು ಎಂದು ಮೊದಲ ದಿನವೇ ತೆಗೆದಿಡಿ. ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಇದೊಂದನ್ನು ಮರೆಯಬೇಡಿ.

ನಾನು ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಪ್ಲಾಸ್ಟಿಕ್ ಮೋಲ್ಡ್, ಅಂದರೆ ಅಚ್ಚು, ಮಾಡುವವನು. ಹೊಸ ಮೋಲ್ಡ್ ಟ್ರಯಲ್ ಹಾಕುವಾಗ ಮಷೀನಿನ ಪಕ್ಕ ನಿಂತು ಸೈಕಲ್ ಟೈಮ್ ಹಿಡಿಯುವುದು ನನ್ನ ಕೆಲಸ. ಬಾಗಿಲು ಮುಚ್ಚಿದಾಗಿನಿಂದ ಮತ್ತೆ ಮುಚ್ಚುವವರೆಗೆ ಎಷ್ಟು ಸೆಕೆಂಡು? ಅದರಲ್ಲಿ ಪ್ಲಾಸ್ಟಿಕ್ ತಣಿಯುವುದಕ್ಕೆ ಎಷ್ಟು, ಆಪರೇಟರ್ ಪೀಸ್ ತೆಗೆಯುವುದಕ್ಕೆ ಎಷ್ಟು? ಒಂದು ಶಾಟಿನ, ಅಂದರೆ ಮಷೀನಿನ ಒಂದು ಸುತ್ತಿನ, ಲೆಕ್ಕವನ್ನು ನಂಬಬಾರದು. ಹತ್ತು ಶಾಟಿಗೆ ಓಡಿಸಿ ಹತ್ತರಿಂದ ಭಾಗಿಸಬೇಕು. ಹತ್ತಕ್ಕೆ 6 ನಿಮಿಷ 20 ಸೆಕೆಂಡು ಬಂದರೆ ಒಂದಕ್ಕೆ 38. ಕೂಲಿಂಗ್ ನೀರಿನ ದಾರಿ ಸರಿಮಾಡಿ ಅದನ್ನು 36ಕ್ಕೆ ಇಳಿಸಿದರೆ 24 ಗಂಟೆಯಲ್ಲಿ ನೂರಕ್ಕೂ ಹೆಚ್ಚು ಶಾಟು ಜಾಸ್ತಿ. ಮೊಬೈಲಿನಲ್ಲೂ ಇದನ್ನು ಹಿಡಿಯಬಹುದು, ನಿಜ. ಎಣ್ಣೆ ಕೈಯಲ್ಲಿ ಮೊಬೈಲ್ ಮುಟ್ಟಿ, ಪರದೆ ಬೆಳಗಿಸಿ, ಜಾಗ ನೋಡಿ ಒತ್ತುವಷ್ಟರಲ್ಲಿ ಬಾಗಿಲು ಮುಚ್ಚಿ ಆಗಿರುತ್ತದೆ. ವಾಚಿನ ಗುಂಡಿಯನ್ನು ಕಣ್ಣು ಮಷೀನಿನ ಮೇಲಿಟ್ಟೇ ಒತ್ತಬಹುದು.

ಇದು ಕೆಲಸದ ಕಾರಣ. ಇನ್ನೊಂದು ಕಾರಣವನ್ನೂ ಹೇಳುತ್ತೇನೆ. ಲೋಹವನ್ನು ಕಡಿದು, ಉಜ್ಜಿ, ಮೈಕ್ರಾನ್ ಲೆಕ್ಕದಲ್ಲಿ ಕೂಡಿಸುವ ಕಸುಬಿನಲ್ಲಿ ಬೆಳೆದವನು ನಾನು. ಅಪ್ಪನ ಕೈಯಲ್ಲಿದ್ದದ್ದು ಎಚ್‌ಎಂಟಿ ಜನತಾ, ನಾನು ಮಿಲ್ಲಿಂಗ್ ಕಲಿತದ್ದು ಎಚ್‌ಎಂಟಿ ಮಷೀನಿನಲ್ಲಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ವಾಚು ಮಾಡಲು ಹೊರಟ ಆ ಸಂಸ್ಥೆ ಮೂಲತಃ ಮಷೀನ್ ಟೂಲ್ ಮಾಡುವ ಕಾರ್ಖಾನೆ ಎನ್ನುವುದು ನಮ್ಮ ಕಸುಬಿನವರಿಗೆ ಇವತ್ತಿಗೂ ಹೆಮ್ಮೆ. ಅಂಗೈಯಗಲದ ಜಾಗದಲ್ಲೂ ಕೂಡಿಸಲು ಕಷ್ಟವಾಗುವ ಲಿವರ್, ಸ್ಪ್ರಿಂಗ್, ಕ್ಯಾಮ್‌ಗಳನ್ನು ಸುಮಾರು 30 ಮಿಲಿಮೀಟರ್ ವ್ಯಾಸದೊಳಗೆ ಕೂರಿಸಿದ್ದಾರೆ ಎಂದರೆ ಅದು ನನ್ನ ಬಳಿಯೂ ಒಂದಿರಲಿ ಎನ್ನಿಸುತ್ತದೆ.

ಆಯ್ಕೆಯ ವಿಷಯಕ್ಕೆ ಬರೋಣ. ಈ ಬಜೆಟ್ಟಿನಲ್ಲಿ ಎದುರಿಗಿರುವ ದಾರಿಗಳು ಹೆಚ್ಚೇನಿಲ್ಲ.

ಹಳೇ ಸೀಕೋ 6139 ಎಲ್ಲರ ಕಣ್ಣಿಗೆ ಮೊದಲು ಬೀಳುತ್ತದೆ. 1969ರಲ್ಲಿ ಬಂದ ಇದು ಜಗತ್ತಿನ ಮೊದಮೊದಲ ಆಟೋಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ಕೊಟ್ಟುಕೊಳ್ಳುವ) ಕ್ರೋನೋಗ್ರಾಫ್‌ಗಳಲ್ಲಿ ಒಂದು. 1973ರಲ್ಲಿ ಗಗನಯಾತ್ರಿ ವಿಲಿಯಂ ಪೋಗ್ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬಿಗೆ ಹೋದಾಗ ಅವರ ಜೊತೆ ಹೋದ ಹಳದಿ ಡಯಲಿನ ವಾಚು ಇದೇ. ಯಂತ್ರ ಬಹಳ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ದೇಶದ ಹಳೇ ವಾಚಿನ ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಬಹುಪಾಲು ಡಯಲಿಗೆ ಹೊಸ ಬಣ್ಣ ಬಳಿದು, ಅಲ್ಲೊಂದು ಇಲ್ಲೊಂದು ಭಾಗ ಸೇರಿಸಿ ನಿಲ್ಲಿಸಿದವು. ಫೋಟೋದಲ್ಲಿ ಫಳಫಳ ಹೊಳೆಯುತ್ತವೆ. ಅಕ್ಷರದ ಅಂಚು ಹರಡಿಕೊಂಡಿದೆಯೇ, ಒಳ ಡಯಲಿನ ಗೆರೆಗಳು ಸಮ ಇವೆಯೇ ಎಂದು ದೊಡ್ಡದು ಮಾಡಿ ನೋಡಿದರೆ ಬಣ್ಣದ ಕೆಲಸ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕು, ಸ್ಟಾಪ್‌ವಾಚಿನ ಮುಳ್ಳನ್ನು ಯಂತ್ರಕ್ಕೆ ಸೇರಿಸಿ ಬಿಡಿಸುವ ಅದರ ಕ್ಲಚ್ಚನ್ನು ಬಿಚ್ಚಿ ಸರಿಮಾಡಲೆಂದು ಮಾಡಿಲ್ಲ. ಅದು ಸವೆದರೆ ಇನ್ನೊಂದು ಹಳೇ ವಾಚನ್ನು ಕೊಂದು ಇದಕ್ಕೆ ಜೀವ ಕೊಡಬೇಕು. ನಾನು ಕೈಬಿಟ್ಟೆ.

ರಷ್ಯದ ಪೋಲ್ಯೋತ್ 3133 ನನ್ನನ್ನು ಬಹಳ ದಿನ ಕಾಡಿತು. ಅದರ ವಂಶಾವಳಿ ತಿಳಿದ ಮೇಲಂತೂ ಇನ್ನಷ್ಟು. ಸ್ವಿಟ್ಜರ್ಲೆಂಡಿನಲ್ಲಿ ವೀನಸ್ ಎಂಬ ಕಂಪನಿ ಇತ್ತು. ಅದರದು ಎರಡು ಕ್ರೋನೋಗ್ರಾಫ್ ಯಂತ್ರ ಇಲ್ಲಿ ಮುಖ್ಯ: ವೀನಸ್ 175 ಮತ್ತು ವೀನಸ್ 188. 175ರ ಟೂಲಿಂಗನ್ನು, ಅಂದರೆ ಅದನ್ನು ತಯಾರಿಸುವ ಉಪಕರಣಗಳನ್ನು, 1960ರ ದಶಕದ ಆರಂಭದಲ್ಲಿ ಚೀನಾದವರು ಕೊಂಡು ತ್ಯಾನ್‌ಜಿನ್ ಕಾರ್ಖಾನೆಗೆ ಒಯ್ದರು, ವಾಯುಪಡೆಯ ಪೈಲಟ್‌ಗಳಿಗೆ ವಾಚು ಮಾಡಲು. 188 ಮಾತ್ರ ವೀನಸ್ ಕಂಪನಿ ವಾಲ್ಜೂ ಎಂಬ ಇನ್ನೊಂದು ಸ್ವಿಸ್ ಕಂಪನಿಯ ಜೊತೆ ಸೇರಿದ ಮೇಲೆ ವಾಲ್ಜೂ 7730 ಆಯಿತು, ಮುಂದೆ 7733, 7734 ಆಯಿತು. ಆ 7734ರ ಟೂಲಿಂಗನ್ನು 1970ರ ದಶಕದಲ್ಲಿ ಸೋವಿಯತ್ತಿನವರು ಕೊಂಡು ಮಾಸ್ಕೋದಲ್ಲಿ 3133 ಮಾಡಿದರು. ಅಂದರೆ ಇವತ್ತು ಕಡಿಮೆ ದುಡ್ಡಿಗೆ ಸಿಗುವ ಎರಡು ಮೆಕ್ಯಾನಿಕಲ್ ಕ್ರೋನೋಗ್ರಾಫ್‌ಗಳೂ, ಚೀನಾದ್ದೂ ರಷ್ಯದ್ದೂ, ಒಂದೇ ಸ್ವಿಸ್ ಮನೆಯ ದಾಯಾದಿಗಳು. ಡೈ, ಜಿಗ್, ಫಿಕ್ಸ್ಚರ್ ಮಾಡಿದವರ ಶ್ರಮ ದೇಶ ದಾಟಿ ಹೋಗಿ ಹತ್ತಾರು ವರ್ಷ ದುಡಿಯಿತು ಎನ್ನುವುದು ನಮ್ಮಂಥವರಿಗೆ ಸಣ್ಣ ಸಂಗತಿಯಲ್ಲ.

ಈ ಇಬ್ಬರ ವ್ಯತ್ಯಾಸ ಎಲ್ಲಿದೆ ಎಂದರೆ, ಗುಂಡಿ ಒತ್ತಿದ ಸುದ್ದಿಯನ್ನು ಉಳಿದ ಲಿವರ್‌ಗಳಿಗೆ ತಲುಪಿಸುವ ಭಾಗದಲ್ಲಿ. ವೀನಸ್ 175 ವಂಶದಲ್ಲಿ ಅದು ಕಾಲಮ್ ವೀಲ್. ಕೆಳಗೆ ಗರಗಸದಂಥ ಹಲ್ಲು, ಮೇಲೆ ಸುತ್ತಲೂ ಪುಟ್ಟ ಕಂಬಗಳು. ಪ್ರತಿ ಒತ್ತಿಗೂ ಚಕ್ರ ಒಂದು ಹಲ್ಲು ತಿರುಗುತ್ತದೆ. ಲಿವರಿನ ತುದಿ ಕಂಬದ ಮೇಲೆ ಹತ್ತಿದರೆ ಒಂದು ಕೆಲಸ, ಕಂಬಗಳ ನಡುವಿನ ಸಂದಿಗೆ ಬಿದ್ದರೆ ಇನ್ನೊಂದು. ಈ ಕಂಬಗಳನ್ನು ಕಡಿದು, ಬರ್ ತೆಗೆದು, ಅಂಚು ನಯ ಮಾಡಿ, ಗಟ್ಟಿ ಮಾಡಬೇಕು. ವೀನಸ್ 188 ವಂಶದಲ್ಲಿ ಆ ಜಾಗಕ್ಕೆ ಚಪ್ಪಟೆ ಕ್ಯಾಮ್, ಅಂದರೆ ಅಂಚಿನ ಆಕಾರದಿಂದಲೇ ಲಿವರನ್ನು ತಳ್ಳುವ ಬಿಲ್ಲೆ, ಬಂತು. ಪ್ರೆಸ್ ಟೂಲಿನಲ್ಲಿ ಸಾವಿರಗಟ್ಟಲೆ ಹೊಡೆದು ತೆಗೆಯಬಹುದಾದ ತಗಡಿನ ಭಾಗ. ಕ್ಯಾಮ್ ಎಂದರೆ ಕೀಳು ಎಂದು ಬರೆಯುವವರಿದ್ದಾರೆ. ಒಪ್ಪುವುದಿಲ್ಲ. 1973ರಲ್ಲಿ ಎಡ್ಮಂಡ್ ಕ್ಯಾಪ್ಟ್ ವಿನ್ಯಾಸ ಮಾಡಿದ ವಾಲ್ಜೂ 7750 ಕೂಡ ಕ್ಯಾಮಿನದೇ, ಇವತ್ತಿಗೂ ಲಕ್ಷಗಟ್ಟಲೆ ಬೆಲೆಯ ವಾಚುಗಳಲ್ಲಿ ಓಡುತ್ತಿದೆ. ಒಳ್ಳೆಯ ಡೈಯಿಂದ ಬಂದ ಭಾಗ ಒಂದರಂತೆ ಒಂದಿರುತ್ತದೆ, ರಿಪೇರಿಗೂ ಅದೇ ಸಲೀಸು. ಆದರೆ ಗುಂಡಿಯ ಒತ್ತು ಬೇರೆ. ಕಾಲಮ್ ವೀಲಿನದು ಮೆತ್ತಗೆ, ಒಂದೇ ತೂಕದಲ್ಲಿ ಒಳಗೆ ಹೋಗುತ್ತದೆ. ಕ್ಯಾಮಿನದು ಸ್ವಲ್ಪ ಬಿಗಿ. ದಿನಕ್ಕೆ ಹತ್ತಾರು ಸಲ ಒತ್ತುವ ನನಗೆ ಇದು ಲೆಕ್ಕಕ್ಕೆ ಬರುವ ವ್ಯತ್ಯಾಸ.

ಕೊನೆಗೆ 3133 ಬಿಟ್ಟದ್ದಕ್ಕೆ ಕಾರಣ ಅದಲ್ಲ. ಈಗ ಅದನ್ನು ಯಾರೂ ಹೊಸದಾಗಿ ಮಾಡುತ್ತಿಲ್ಲ. ಸಿಗುವುದೆಲ್ಲ ಹಳೆಯದು, ಯಾರ ಕೈಯಲ್ಲಿ ಹೇಗೆ ಬಿಚ್ಚಿಸಿಕೊಂಡಿತ್ತೋ ತಿಳಿಯದು. ಅದನ್ನು ಅರಿತು ಕೊಳ್ಳುವವರಿಗೆ ನನ್ನ ಅಡ್ಡಿಯಿಲ್ಲ.

ಇನ್ನೊಂದು ದಾರಿ, ಸೀಕೋದ ವಿಕೆ63, ವಿಕೆ64 ಯಂತ್ರದ ವಾಚುಗಳು. ಸಮಯ ನೋಡಿಕೊಳ್ಳುವುದು ಬ್ಯಾಟರಿಯ ಕ್ವಾರ್ಟ್ಜ್, ಸ್ಟಾಪ್‌ವಾಚಿನ ಭಾಗ ಮಾತ್ರ ಲಿವರು, ಸುತ್ತಿಗೆಗಳದ್ದು. ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಇಡುತ್ತದೆ, ಟಕ್ಕನೆ ಸೊನ್ನೆಗೂ ಬರುತ್ತದೆ. ಹತ್ತು ಸಾವಿರದೊಳಗೆ ಒಳ್ಳೊಳ್ಳೆಯವು ಸಿಗುತ್ತವೆ. ಬರೀ ಉಪಯೋಗಕ್ಕೆ ಬೇಕು, ಒಳಗೆ ಏನಿದ್ದರೂ ಸರಿ ಎನ್ನುವವರು ಇಲ್ಲಿಗೇ ಓದುವುದು ನಿಲ್ಲಿಸಿ ಅದನ್ನೇ ಕೊಳ್ಳಿ. ಮನಸಾರೆ ಹೇಳುತ್ತಿದ್ದೇನೆ.

ನಾನು ಆರಿಸಿದ್ದು ತ್ಯಾನ್‌ಜಿನ್‌ನ ಸೀಗಲ್ ಕಂಪನಿಯ ಎಸ್‌ಟಿ1901, ಅದೇ ವೀನಸ್ 175ರ ಇಂದಿನ ರೂಪ. ಕೀ ಕೊಡುವ ಯಂತ್ರ, ಎಡಕ್ಕೆ ಸದಾ ಓಡುವ ಸೆಕೆಂಡು, ಬಲಕ್ಕೆ 30 ನಿಮಿಷದ ಎಣಿಕೆ. ಕೊಳ್ಳುವವರು ಹೆಚ್ಚಾಗಿ ಇದನ್ನು ‘1963’ ಎಂಬ ಹೆಸರಿನ, ಕೆನೆ ಬಣ್ಣದ ಡಯಲಿನಲ್ಲಿ ಕೊಳ್ಳುತ್ತಾರೆ. ಅದು ಆ ಕಾಲದ ವಾಯುಪಡೆ ವಾಚಿನ ಮರುರೂಪ. ಬಹಳ ಚೆಂದ. ಹೊರದೇಶದ ಬೆಲೆ ಸುಮಾರು 200ರಿಂದ 250 ಡಾಲರ್, ಅದರ ಮೇಲೆ ನಮ್ಮ ಸುಂಕ, ತೆರಿಗೆ ಬೀಳುತ್ತವೆ. ಅವನ್ನು ಮೊದಲೇ ಕೂಡಿಸಿಕೊಳ್ಳದೆ ಆರ್ಡರ್ ಹಾಕಬೇಡಿ.

ಆದರೆ ನನಗೆ ಟ್ಯಾಕಿಮೀಟರ್ ಬೇಕಿತ್ತು. ಡಯಲಿನ ಅಂಚಿನಲ್ಲಿರುವ ಆ ಅಂಕಿಗಳು ಕಾರಿನ ವೇಗ ಅಳೆಯಲು ಮಾತ್ರ ಎಂದೇ ಎಲ್ಲರೂ ತಿಳಿದಿದ್ದಾರೆ. ಅದು ಬರೇ 3600ನ್ನು ಸೆಕೆಂಡಿನಿಂದ ಭಾಗಿಸಿದ ಉತ್ತರ. ಒಂದು ಶಾಟಿಗೆ 36 ಸೆಕೆಂಡಿನಲ್ಲಿ ಮುಳ್ಳು ನಿಂತರೆ ಅದು ತೋರಿಸುವುದು 100, ಅಂದರೆ ಗಂಟೆಗೆ 100 ಶಾಟು. ಸೂಪರ್‌ವೈಸರ್ ಕೇಳುವ ಮೊದಲೇ ಉತ್ತರ ಕೈಯಲ್ಲಿರುತ್ತದೆ. ಹಾಗಾಗಿ ಅದೇ ಎಸ್‌ಟಿ1901 ಹಾಕಿ ಕಪ್ಪು ಡಯಲು, ಟ್ಯಾಕಿಮೀಟರ್ ಇಟ್ಟು ಮಾಡಿದ, 40 ಮಿಲಿಮೀಟರಿನ ಇನ್ನೊಂದು ಕಂಪನಿಯ ವಾಚು ಕೊಂಡೆ. ಬೆಲ್ಟು 20 ಮಿಲಿಮೀಟರಿನದು, ಎಲ್ಲಿ ಬೇಕಾದರೂ ಸಿಗುತ್ತದೆ.

ದುಡ್ಡು ಕಟ್ಟುವ ಮೊದಲು ನಾನು ಮಾಡಿದ್ದು ರಿಪೇರಿಯವರನ್ನು ಹುಡುಕುವ ಕೆಲಸ. ಅವೆನ್ಯೂ ರಸ್ತೆ, ಚಿಕ್ಕಪೇಟೆ ಸುತ್ತಿದೆ. ಹೆಚ್ಚಿನವರು ಬ್ಯಾಟರಿ, ಬೆಲ್ಟು, ಗಾಜು ಹಾಕುವವರು. ಕ್ರೋನೋಗ್ರಾಫ್ ಎಂದೊಡನೆ ಆಗುವುದಿಲ್ಲ ಎಂದು ತಲೆ ಆಡಿಸಿದರು. ಕೊನೆಗೆ ಒಂದು ಗಲ್ಲಿಯಲ್ಲಿ, ಕಣ್ಣಿಗೆ ಲೂಪು ಸಿಕ್ಕಿಸಿಕೊಂಡು ಕೂತಿದ್ದ ಹಿರಿಯರೊಬ್ಬರು ಸಿಕ್ಕರು. ಯಂತ್ರದ ಫೋಟೋ ತೋರಿಸಿದೆ.

“ಇದು ಗೊತ್ತು ಸಾರ್. ಹಳೇ ಸ್ವಿಸ್‌ದು ಇದೇ ಥರ ಬರ್ತಿತ್ತು. ಮೂರು ಮುಳ್ಳಿನ ವಾಚು ಕೊಡಿ, ಸಂಜೆ ಹೊತ್ಗೆ ಬಿಚ್ಚಿ ತೊಳೆದು ಕೂಡ್ಸಿ ಕೊಡ್ತೀನಿ. ಇದಕ್ಕೆ ವಾರ ಬೇಕು. ದುಡ್ಡೂ ಮೂರು ಪಟ್ಟು ಆಗತ್ತೆ. ಆಮೇಲೆ ಚೌಕಾಸಿ ಮಾಡಂಗಿಲ್ಲ.”

“ಚೌಕಾಸಿ ಮಾಡಲ್ಲ ಯಜಮಾನ್ರೇ. ಯಾವಾಗ ತರ್ಬೇಕು ಹೇಳಿ.”

“ಗುಂಡಿ ಒತ್ತಿದ್ರೆ ಮುಳ್ಳು ನೆಗೆದು ಹೊರಟ್ರೆ, ಇಲ್ಲ ಸೊನ್ನೆಗೆ ಸರಿಯಾಗಿ ಬರ್ದೇ ಇದ್ರೆ ತನ್ನಿ. ನೀವೇ ಬಿಚ್ಚಕ್ಕೆ ಹೋಗ್ಬೇಡಿ.”

ಟೂಲ್‌ರೂಮಿನವನು ಎಂದು ನಾನು ಹೇಳಿರಲಿಲ್ಲ. ನನ್ನ ಬೆರಳು ನೋಡಿಯೇ ತಿಳಿದುಕೊಂಡಿರಬೇಕು. ಅವತ್ತೇ ಅವರು ಹೇಳಿದ ಮೊತ್ತವನ್ನು ಬೇರೆ ಲಕೋಟೆಯಲ್ಲಿಟ್ಟೆ. ಉಳಿದದ್ದು ವಾಚಿನ ಬಜೆಟ್ಟು.

ವಾಚು ಕೈಗೆ ಬಂದ ದಿನ ಏನೇನು ನೋಡಬೇಕು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ವಾಪಸ್ ಕೊಡುವ ಅವಧಿ ಮುಗಿದ ಮೇಲೆ ಮಾಡುವಂಥದ್ದಲ್ಲ ಇದು. ಪೂರ್ತಿ ಕೀ ಕೊಡಿ. ಓಡಿಸಿ, ನಿಲ್ಲಿಸಿ, ಸೊನ್ನೆಗೆ ತನ್ನಿ. ಮುಳ್ಳು ಪ್ರತಿ ಸಲವೂ ಗೆರೆಯ ಮೇಲೇ ಬಂದು ನಿಲ್ಲಬೇಕು. ಒಳಗೆ ಹೃದಯದ ಆಕಾರದ ಕ್ಯಾಮ್ ಇರುತ್ತದೆ, ಸುತ್ತಿಗೆ ಅದರ ಮೇಲೆ ಎಲ್ಲಿ ಬಿದ್ದರೂ ಅದು ತಿರುಗಿ ಒಂದೇ ತಗ್ಗಿಗೆ ಬಂದು ಕೂರುತ್ತದೆ. 1844ರಲ್ಲಿ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದ ಉಪಾಯ, ಇಂದಿಗೂ ಇದಕ್ಕಿಂತ ಸರಳವಾದದ್ದು ಬಂದಿಲ್ಲ. ಮುಳ್ಳು ಗೆರೆಯಿಂದ ಸದಾ ಒಂದೇ ಕಡೆ ಒಂದೇ ಅಳತೆ ಸರಿದು ನಿಂತರೆ ಮುಳ್ಳನ್ನು ಕೂರಿಸಿದ್ದು ಓರೆಯಾಗಿದೆ, ಸುಲಭದ ಕೆಲಸ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ವಾಪಸ್ ಕಳಿಸಿ. ಆಮೇಲೆ ಅರ್ಧ ಗಂಟೆ ಓಡಲು ಬಿಡಿ. ಬಲಗಡೆಯ ಮುಳ್ಳು ಪ್ರತಿ 60 ಸೆಕೆಂಡಿಗೂ ಒಂದೊಂದೇ ಗೆರೆ ದಾಟಬೇಕು, ತಪ್ಪಬಾರದು, ಎರಡು ನೆಗೆಯಬಾರದು. ಹೊರಡುವಾಗ ಉದ್ದ ಮುಳ್ಳು ಚೂರು ಅಲುಗಿದರೆ ಹೆದರಬೇಡಿ. ಒಂದು ಹಲ್ಲುಚಕ್ರ ಪಕ್ಕದಿಂದ ಬಂದು ಇನ್ನೊಂದರ ಹಲ್ಲಿಗೆ ಕಚ್ಚುವ ರಚನೆ ಇದು, ಹಲ್ಲಿನ ತುದಿಗೆ ತುದಿ ಸಿಕ್ಕಾಗ ಅಷ್ಟು ಆಗುತ್ತದೆ. ಗೆರೆಗಟ್ಟಲೆ ನೆಗೆದರೆ ಮಾತ್ರ ದೋಷ.

ಯಂತ್ರದ ಬಡಿತ ಗಂಟೆಗೆ 21,600, ಅಂದರೆ ಸೆಕೆಂಡಿಗೆ ಆರು. ಎಷ್ಟೋ ಡಯಲುಗಳಲ್ಲಿ ಸೆಕೆಂಡನ್ನು ಐದು ಪಾಲು ಮಾಡಿ ಗೆರೆ ಎಳೆದಿರುತ್ತಾರೆ, ಅದು 18,000 ಬಡಿತದ ಹಳೇ ಯಂತ್ರಗಳ ಅಳತೆ. ಆರು ಬಡಿತದ ಮುಳ್ಳು ಆ ಗೆರೆಗಳ ನಡುವೆ ನಿಲ್ಲುವುದು ಸಹಜ, ವಾಚಿನ ತಪ್ಪಲ್ಲ.

ಬಳಸುವಾಗ ಎರಡೇ ನಿಯಮ ಇಟ್ಟುಕೊಂಡಿದ್ದೇನೆ. ಮುಳ್ಳು ಓಡುತ್ತಿರುವಾಗ ಕೆಳಗಿನ ಗುಂಡಿ ಮುಟ್ಟುವುದಿಲ್ಲ, ಮೊದಲು ನಿಲ್ಲಿಸಿಯೇ ಸೊನ್ನೆಗೆ ತರುವುದು. ಇನ್ನೊಂದು ನಮ್ಮ ಕಸುಬಿನವರಿಗೆ ಬಹಳ ಮುಖ್ಯ: ಸರ್ಫೇಸ್ ಗ್ರೈಂಡರಿನ ಮ್ಯಾಗ್ನೆಟಿಕ್ ಚಕ್ (ಲೋಹದ ತುಂಡನ್ನು ಆಯಸ್ಕಾಂತದಿಂದ ಹಿಡಿದಿಡುವ ಹಾಸು) ಹತ್ತಿರ ಹೋಗುವ ಮೊದಲು ವಾಚು ಬಿಚ್ಚಿ ಡ್ರಾಯರಿಗೆ ಹಾಕುತ್ತೇನೆ. ವಾಚಿನ ಬಡಿತವನ್ನು ಹಿಡಿತದಲ್ಲಿಡುವ ಸಣ್ಣ ಸುರುಳಿ, ಹೇರ್‌ಸ್ಪ್ರಿಂಗಿಗೆ ಆಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಬಹುದು. ಹಾಗಾದರೆ ರಿಪೇರಿಯವರು ಸಣ್ಣ ಡಿಮ್ಯಾಗ್ನೆಟೈಸರ್ ಮೇಲೆ ಇಟ್ಟು ಕ್ಷಣದಲ್ಲಿ ಸರಿಮಾಡುತ್ತಾರೆ, ವಾಚು ಬಿಚ್ಚಬೇಕಾಗಿಲ್ಲ. ಕಾಸ್ಟಿಂಗ್, ಗ್ರೈಂಡಿಂಗ್, ವೆಲ್ಡಿಂಗ್ ಅಂಗಡಿಯಲ್ಲಿರುವವರು ವಾಚು ಇದ್ದಕ್ಕಿದ್ದಂತೆ ಮುಂದೆ ಓಡಿದರೆ ಮೊದಲು ಅದನ್ನೇ ಪರೀಕ್ಷೆ ಮಾಡಿಸಿ, ಸರ್ವಿಸಿಗೆ ದುಡ್ಡು ಕೊಡಬೇಡಿ.

ನೀರಿನ ವಿಷಯ ಒಂದು ಸಾಲು: ಹಿಂಬದಿ 30 ಮೀಟರ್ ಎಂದು ಬರೆದಿದ್ದರೂ ಕೈ ತೊಳೆಯುವುದಕ್ಕೆ ಮಾತ್ರ ಲಾಯಕ್ಕು, ಕೆರೆ ಹೊಳೆಗೆ ಬೇಡ.

ನನ್ನ ರಿಪೇರಿ ಯಜಮಾನರಿಗೆ ವಯಸ್ಸಾಗಿದೆ, ಹತ್ತಿರ ಕೂತು ಕಲಿಯುವವರು ಯಾರೂ ಇಲ್ಲ. ಹುಬ್ಬಳ್ಳಿ, ಮೈಸೂರು, ಮಂಗಳೂರು, ಬೆಳಗಾವಿ ಕಡೆಯ ಓದುಗರು ಈ ಜಾತಿಯ ವಾಚು ಕೊಳ್ಳಬಹುದೇ ಎಂದು ಕೇಳುತ್ತಿರುತ್ತಾರೆ. ಅವರಿಗೆ ನಾನು ತಿರುಗಿ ಕೇಳುವುದಿಷ್ಟು: ನಿಮ್ಮೂರಲ್ಲಿ ಕಾಲಮ್ ವೀಲ್ ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೂಡಿಸಬಲ್ಲವರು ಇದ್ದಾರೆಯೇ? ಇದ್ದರೆ ಹೋಗಿ ಕಂಡು, ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ವಿಚಾರಿಸಿ ಬನ್ನಿ. ಆ ಊರು, ಆ ಮೊತ್ತ ಎರಡನ್ನೂ ನನಗೆ ಬರೆದು ಕಳಿಸಿ. ಯಾವ ವಾಚು ಎನ್ನುವುದನ್ನು ಆಮೇಲೆ ಸೇರಿ ನೋಡೋಣ.