ಬಂದರಿನ ಕಂಬದ ಮೇಲೊಂದು ಕಪ್ಪು ಶಂಕು

ಬೆಳಿಗ್ಗೆ ಹಪ್ಪಳ ಒಣಗಿಸಲು ಮಹಡಿಗೆ ಹೊರಟ ಅಮ್ಮ, "ಇವತ್ತು ಮಳೆ ಬರುತ್ತಾ, ಮೊಬೈಲಲ್ಲಿ ನೋಡು" ಎಂದರು. ನೋಡುತ್ತಿದ್ದಂತೆ ರಾಬರ್ಟ್ ಫಿಟ್ಜ್‌ರಾಯ್ ನೆನಪಾದರು.

ಡಾರ್ವಿನ್ನರನ್ನು ಬೀಗಲ್ ಹಡಗಿನಲ್ಲಿ ಕರೆದೊಯ್ದ ಕ್ಯಾಪ್ಟನ್ ಎಂದಷ್ಟೇ ಅವರನ್ನು ನೆನೆಯುವುದು ನನಗೆ ನೋವಿನ ಸಂಗತಿ. ನ್ಯೂಜಿಲೆಂಡಿನ ಗವರ್ನರ್ ಹುದ್ದೆಯಿಂದ ವಾಪಸು ಕರೆಸಲ್ಪಟ್ಟಿದ್ದ ಅವರು 1854ರಲ್ಲಿ ಬ್ರಿಟಿಷ್ ಸರ್ಕಾರದ ಹೊಸ ಹವಾಮಾನ ಇಲಾಖೆಯ ಹೊಣೆ ಹೊತ್ತರು. 1859ರ ಅಕ್ಟೋಬರ್‌ನಲ್ಲಿ 'ರಾಯಲ್ ಚಾರ್ಟರ್' ಹಡಗು ವೇಲ್ಸ್ ಕರಾವಳಿಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದು 400ಕ್ಕೂ ಹೆಚ್ಚು ಜನ ಸತ್ತ ಮೇಲೆ, ತೀರದ ಠಾಣೆಗಳಿಂದ ಟೆಲಿಗ್ರಾಫ್‌ನಲ್ಲಿ ಬರುವ ಗಾಳಿ ಮತ್ತು ವಾಯುಒತ್ತಡದ ವಿವರಗಳನ್ನು ಒಟ್ಟುಗೂಡಿಸಿ, 1861ರಿಂದ ಬಂದರುಗಳಿಗೆ ಮುನ್ನೆಚ್ಚರಿಕೆ ಕಳಿಸತೊಡಗಿದರು.

ಆ ಎಚ್ಚರಿಕೆಯ ರೂಪ ನನಗೆ ಬಹಳ ಇಷ್ಟ. ಕ್ಯಾನ್ವಾಸಿನ ಕಪ್ಪು ಶಂಕುವೊಂದನ್ನು ಕಂಬಕ್ಕೇರಿಸುತ್ತಿದ್ದರು. ತುದಿ ಮೇಲಿದ್ದರೆ ಉತ್ತರದಿಂದ ಬೀಸುವ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದಿಂದ ಬೀಸುವಂಥದ್ದು. ಅಕ್ಷರ ಬಾರದ ಮೀನುಗಾರನಿಗೂ, ಯಾವ ದಿಕ್ಕಿನಿಂದ ನೋಡಿದರೂ, ಅದು ತ್ರಿಕೋನವಾಗಿಯೇ ಕಾಣುತ್ತಿತ್ತು.

ಮುನ್ಸೂಚನೆ ತಪ್ಪಿದಾಗಲೆಲ್ಲ ಟೀಕೆ ಬಂತು, ಸ್ವಂತ ಹಣ ಕರಗಿತು, ಆರೋಗ್ಯ ಕುಸಿಯಿತು. 1865ರ ಏಪ್ರಿಲ್‌ನಲ್ಲಿ ಅವರು ತಮ್ಮ ಜೀವವನ್ನು ತಾವೇ ಕೊನೆಗಾಣಿಸಿಕೊಂಡರು. ಮರುವರ್ಷ ಎಚ್ಚರಿಕೆಗಳೂ ನಿಂತವು. ಆದರೆ 1867ರಲ್ಲಿ ಅವು ಮತ್ತೆ ಶುರುವಾದವು.